ಬುಕಿಂಗ್ ನಿಲ್ಲಿಸದೆ ಹೋಂಸ್ಟೇ ವೆಬ್‌ಸೈಟ್ ಹೊಸದಾಗಿ ಕಟ್ಟುವುದು ಹೇಗೆ?

ಏಲಕ್ಕಿಮಲೆ:
ಮಡಿಕೇರಿ ಹತ್ತಿರದ ಒಂದು ಹೋಂಸ್ಟೇ ಸೈಟನ್ನು ಪೂರ್ತಿ ಹೊಸದಾಗಿ ಮಾಡಬೇಕಿದೆ. ಈಗಿರುವುದು ವರ್ಡ್‌ಪ್ರೆಸ್ ಮತ್ತು ಅದರ ಅಂಗಡಿ ಪ್ಲಗಿನ್ ವೂಕಾಮರ್ಸ್. ರೂಮ್ ಬುಕಿಂಗ್ ಜೊತೆಗೆ ಕಾಫಿಪುಡಿ, ಕರಿಮೆಣಸು, ಜೇನಿನ ಮಾರಾಟವೂ ಅದರಲ್ಲೇ. ಸುಮಾರು 140 ಪುಟ, ಅರ್ಧದಷ್ಟು ಕನ್ನಡದಲ್ಲಿವೆ. ಇದೇ ಸಲ ಶೇರ್ಡ್ ಹೋಸ್ಟಿಂಗ್ (ಹಲವರು ಹಂಚಿಕೊಳ್ಳುವ ಸರ್ವರ್) ಬಿಟ್ಟು ವಿಪಿಎಸ್‌ಗೆ (ನಮ್ಮದೇ ವರ್ಚುವಲ್ ಸರ್ವರ್) ಹೋಗುವ ಯೋಚನೆಯೂ ಇದೆ. ಮಾಲೀಕರ ಷರತ್ತು ಎರಡೇ: ಬುಕಿಂಗ್ ಒಂದು ದಿನವೂ ನಿಲ್ಲಬಾರದು, ಗೂಗಲ್‌ನಲ್ಲಿ ಈಗ ಸಿಗುತ್ತಿರುವ ಜಾಗ ಕೈತಪ್ಪಬಾರದು. ಸಬ್‌ಡೊಮೈನ್‌ನಲ್ಲಿ ಹೊಸದನ್ನು ಕಟ್ಟಿ, ಮುಗಿದ ಮೇಲೆ ಡೇಟಾಬೇಸ್ ಸಮೇತ ಲೈವ್ ಮೇಲೆ ಕಾಪಿ ಮಾಡಿದರೆ ಸಾಕಾ? ಮಳೆಗಾಲದಲ್ಲಿ ಜನ ಕಡಿಮೆ, ಆಗಲೇ ಬದಲಿಸೋಣ ಅಂತಿದ್ದೇವೆ.

ಸರ್ವರ್‌ಕಟ್ಟೆ:
ಸಬ್‌ಡೊಮೈನ್ ಸರಿ. ಡೇಟಾಬೇಸ್ ಸಮೇತ ಕಾಪಿ ಮಾಡುವುದು ಬೇಡವೇ ಬೇಡ. ನೀವು ಹೊಸದನ್ನು ಕಟ್ಟುತ್ತಿರುವಷ್ಟು ದಿನವೂ ಲೈವ್‌ಗೆ ಬುಕಿಂಗ್ ಬರುತ್ತಲೇ ಇರುತ್ತದೆ, ಕಾಪಿ ಮಾಡಿದ ಕ್ಷಣ ಅಷ್ಟೂ ಅಳಿಸಿಹೋಗುತ್ತದೆ. ಆಮೇಲೆ ಬೆರೆಸೋಣ ಅಂದುಕೊಂಡರೂ ಆಗದು. ವರ್ಡ್‌ಪ್ರೆಸ್‌ನಲ್ಲಿ ಪುಟ, ಚಿತ್ರ, ಆರ್ಡರ್ ಎಲ್ಲಕ್ಕೂ ನಂಬರು ಕೊಡುವುದು ಪೋಸ್ಟ್ಸ್ ಟೇಬಲ್ ಒಂದೇ. ಲೈವ್‌ನಲ್ಲಿ 1520 ಯಾರದೋ ಬುಕಿಂಗ್ ಆಗಿದ್ದರೆ, ಸ್ಟೇಜಿಂಗ್‌ನಲ್ಲಿ (ಸಬ್‌ಡೊಮೈನ್‌ನಲ್ಲಿ ಕಟ್ಟುತ್ತಿರುವ ಪ್ರಯೋಗದ ಕಾಪಿಯಲ್ಲಿ) ಅದೇ 1520 ನಿಮ್ಮ ಹೊಸ ‘ತಲುಪುವ ದಾರಿ’ ಪುಟ ಆಗಿರುತ್ತದೆ. ವೂಕಾಮರ್ಸ್ 8.2ರಿಂದ ಹೊಸ ಇನ್‌ಸ್ಟಾಲ್‌ಗಳಲ್ಲಿ ಆರ್ಡರ್‌ಗೆ ಬೇರೆ ಟೇಬಲ್ ಬಂದಿದೆ, ಆದರೆ ನಂಬರನ್ನು ಈಗಲೂ ಪೋಸ್ಟ್ಸ್ ಟೇಬಲ್‌ನಲ್ಲೇ ಕಾದಿರಿಸುತ್ತದೆ.

ಹಾಗಾಗಿ ಕೋಡ್ ಸ್ಟೇಜಿಂಗ್‌ನಿಂದ ಲೈವ್‌ಗೆ ಹೋಗಲಿ, ಡೇಟಾ ಲೈವ್‌ನಿಂದ ಸ್ಟೇಜಿಂಗ್‌ಗೆ ಬರಲಿ. ಅಡ್ಡದಾರಿ ಬೇಡ. ಥೀಮ್, ಪ್ಲಗಿನ್ ಗಿಟ್‌ನಲ್ಲಿ (ಕೋಡ್ ಬದಲಾವಣೆ ದಾಖಲಿಸುವ ಸಾಧನ) ಇರಲಿ. ಪುಟಗಳಲ್ಲಿ ಮಾಡುವ ಬದಲಾವಣೆಗಳನ್ನು ಡಬ್ಲ್ಯೂಪಿ-ಸಿಎಲ್‌ಐ (ವರ್ಡ್‌ಪ್ರೆಸ್‌ನ ಕಮಾಂಡ್ ಲೈನ್ ಸಾಧನ) ಸ್ಕ್ರಿಪ್ಟ್ ಮಾಡಿಟ್ಟುಕೊಳ್ಳಿ. ಬದಲಿಸುವ ದಿನ ಲೈವ್‌ನ ತಾಜಾ ಡೇಟಾಬೇಸ್ ತಂದು ಅದರ ಮೇಲೆ ಸ್ಕ್ರಿಪ್ಟ್ ಓಡಿಸಬೇಕು. ಮುಂಚೆ ಕನಿಷ್ಠ ಎರಡು ಸಲ ಗಡಿಯಾರ ಇಟ್ಟುಕೊಂಡು ಇಡೀ ಕೆಲಸ ಮಾಡಿ ನೋಡಿ. 40 ನಿಮಿಷ ಹಿಡಿದರೆ ಮುಚ್ಚುವ ಸಮಯವೂ ಅಷ್ಟೇ ಎಂದು ಮೊದಲೇ ಗೊತ್ತಾಗುತ್ತದೆ.

ಡೊಮೈನ್ ಹೆಸರು ಬದಲಿಸಲು ಡೇಟಾಬೇಸ್‌ನ ಎಸ್‌ಕ್ಯೂಎಲ್ ಫೈಲನ್ನು ಎಡಿಟರ್‌ನಲ್ಲಿ ತೆರೆದು ಫೈಂಡ್-ರಿಪ್ಲೇಸ್ ಮಾಡಬೇಡಿ. ವಿಜೆಟ್, ಥೀಮ್ ಸೆಟ್ಟಿಂಗ್‌ಗಳಲ್ಲಿ ಪ್ರತಿ ಪಠ್ಯದ ಪಕ್ಕ ಅದರ ಉದ್ದವೂ ಬರೆದಿರುತ್ತದೆ. ಸಬ್‌ಡೊಮೈನ್ ಸೇರಿ ಹೆಸರು ಉದ್ದವಾದರೂ ಪಕ್ಕದ ಸಂಖ್ಯೆ ಹಳೆಯದೇ ಉಳಿದರೆ ಪಿಎಚ್‌ಪಿ ಇಡೀ ಸೆಟ್ಟಿಂಗನ್ನೇ ಓದುವುದಿಲ್ಲ. ಡಬ್ಲ್ಯೂಪಿ-ಸಿಎಲ್‌ಐನ ಸರ್ಚ್-ರಿಪ್ಲೇಸ್ ಆ ಉದ್ದವನ್ನೂ ತಿದ್ದುತ್ತದೆ. ಮೊದಲು ಡ್ರೈ-ರನ್ (ಏನೂ ಬದಲಿಸದ ಪರೀಕ್ಷೆ) ಹಾಕಿ, ಪೋಸ್ಟ್‌ಗಳ ಖಾಯಂ ಗುರುತಿರುವ ಜಿಯುಐಡಿ (guid) ಕಾಲಮ್ ಬಿಟ್ಟುಬಿಡಿ.

ಸ್ಟೇಜಿಂಗ್‌ಗೆ ಪಾಸ್‌ವರ್ಡ್ ಬೀಗ ಹಾಕಿ. ರೋಬೋಟ್ಸ್ ಫೈಲ್‌ನಲ್ಲಿ ತಡೆದರೆ ಸಾಲದು. ಅದು ಗೂಗಲ್ ಪುಟ ಓದುವುದನ್ನು ತಡೆಯುತ್ತದೆಯೇ ಹೊರತು, ಬೇರೆಲ್ಲೋ ಲಿಂಕ್ ಸಿಕ್ಕರೆ ವಿಳಾಸ ಹುಡುಕಾಟದಲ್ಲಿ ಕಾಣಿಸಿಕೊಳ್ಳುವುದನ್ನಲ್ಲ. ಪುಟ ಓದಲು ಬಿಡದಿದ್ದರೆ ಅದರೊಳಗಿನ ನೋಇಂಡೆಕ್ಸ್ (ಹುಡುಕಾಟದಲ್ಲಿ ತೋರಿಸಬೇಡಿ ಎಂಬ ಸೂಚನೆ) ಗೂಗಲ್‌ಗೆ ಕಾಣುವುದೂ ಇಲ್ಲ. ಇದರ ಉಲ್ಟಾ ತಪ್ಪು ಇನ್ನೂ ದುಬಾರಿ: ಲೈವ್ ಆದ ಮೇಲೆ ‘ಸರ್ಚ್ ಎಂಜಿನ್‌ಗಳನ್ನು ತಡೆಯಿರಿ’ ಟಿಕ್ ತೆಗೆಯದೆ ಬಿಟ್ಟರೆ ವಾರಗಟ್ಟಲೆ ಯಾರಿಗೂ ಗೊತ್ತಾಗದೆ ಪುಟಗಳು ಒಂದೊಂದಾಗಿ ಉದುರುತ್ತವೆ.

ಸ್ಟೇಜಿಂಗ್‌ಗೆ ಡೇಟಾ ತಂದ ತಕ್ಷಣ, ಸೈಟ್ ತೆರೆಯುವ ಮುಂಚೆಯೇ, ಹೊರಗೆ ಹೋಗುವ ಇಮೇಲ್ ಕಟ್ ಮಾಡಿ, ವರ್ಡ್‌ಪ್ರೆಸ್ ಕ್ರಾನ್ (ಹೊತ್ತಿಗೆ ಸರಿಯಾಗಿ ತಾನೇ ಓಡುವ ಕೆಲಸಗಳು) ನಿಲ್ಲಿಸಿ, ಪೇಮೆಂಟ್ ಗೇಟ್‌ವೇ ರೇಜರ್‌ಪೇ ಆಗಿದ್ದರೆ ಅದಕ್ಕೆ ಟೆಸ್ಟ್ ಕೀ ಹಾಕಿ. ಇಲ್ಲವಾದರೆ ಕಾಪಿಯಲ್ಲಿರುವ ನಿಜವಾದ ಅತಿಥಿಗಳಿಗೆ ಅಲ್ಲಿಂದಲೂ ‘ನಾಳೆ ನಿಮ್ಮ ಚೆಕ್-ಇನ್’ ಎಂದು ಮೇಲ್ ಹೋಗುತ್ತದೆ. ಹೊರಗಿನ ಬುಕಿಂಗ್ ಸೈಟ್‌ಗಳ ಜೊತೆ ಕ್ಯಾಲೆಂಡರ್ ಸಿಂಕ್ ಇದ್ದರೆ ಅದನ್ನೂ ಬಿಡಿಸಿ.

ಅಕ್ಷರಪಾಲಕ:
ಅರ್ಧ ಸೈಟ್ ಕನ್ನಡದಲ್ಲಿದೆ ಎಂದಿದ್ದೀರಿ, ಜಾಸ್ತಿ ಪೆಟ್ಟು ಬೀಳುವುದು ಅಲ್ಲೇ.

ಕನ್ನಡ ಸ್ಲಗ್‌ನ (ವಿಳಾಸದಲ್ಲಿ ಪುಟದ ಹೆಸರಿರುವ ಭಾಗ) ಒಂದೊಂದು ಯೂನಿಕೋಡ್ ಚಿಹ್ನೆಯೂ ವಿಳಾಸದಲ್ಲಿ ಪರ್ಸೆಂಟ್ ಚಿಹ್ನೆಯ ರೂಪಕ್ಕೆ (‘ಕ’ ಆದರೆ %E0%B2%95) ತಿರುಗಿ ಒಂಬತ್ತು ಅಕ್ಷರ ತಿನ್ನುತ್ತದೆ. ‘ಕೊಡಗು’ ಎಂಬ ಪುಟ್ಟ ಪದದಲ್ಲಿ ಐದು ಚಿಹ್ನೆ, ಅಂದರೆ 45 ಅಕ್ಷರ. ವರ್ಡ್‌ಪ್ರೆಸ್ ಸ್ಲಗ್‌ಗೆ ಇರುವ ಜಾಗ 200, ಹಾಗಾಗಿ ಸುಮಾರು 22 ಚಿಹ್ನೆಗೆ ಕತ್ತರಿ ಬೀಳುತ್ತದೆ. ಹಳೆಯ ಉದ್ದ ಶೀರ್ಷಿಕೆಗಳೆಲ್ಲ ಮಧ್ಯದಲ್ಲೇ ತುಂಡಾಗಿರುತ್ತವೆ. ಶೀರ್ಷಿಕೆ ನೋಡಿ ಹಳೆಯ ವಿಳಾಸ ಊಹಿಸಿದರೆ ರೀಡೈರೆಕ್ಟ್ (ಹಳೆಯ ವಿಳಾಸದಿಂದ ಹೊಸದಕ್ಕೆ ಕಳಿಸುವ ನಿಯಮ) ಹೊಂದುವುದಿಲ್ಲ. ಸೈಟ್‌ಮ್ಯಾಪ್ ಮತ್ತು ಗೂಗಲ್‌ನ ಸರ್ಚ್ ಕನ್ಸೋಲ್‌ನಿಂದ ಇದ್ದದ್ದು ಇದ್ದ ಹಾಗೆ ನಕಲಿಸಿ. ಟೈಪ್ ಮಾಡಲೂಬೇಡಿ: ಅರ್ಧಾಕ್ಷರದ ನಂತರ ಬರುವ ಕಣ್ಣಿಗೆ ಕಾಣದ ಝಡ್‌ಡಬ್ಲ್ಯೂಎನ್‌ಜೆ (ಒತ್ತಕ್ಷರ ಆಗದಂತೆ ತಡೆಯುವ ಚಿಹ್ನೆ) ಇದ್ದರೆ ಒಂದು ವಿಳಾಸ, ಇಲ್ಲದಿದ್ದರೆ ಇನ್ನೊಂದು. ಅಪಾಚೆ ವೆಬ್‌ಸರ್ವರ್‌ನ ರೀಡೈರೆಕ್ಟ್ ನಿಯಮದಲ್ಲಿ ಪರ್ಸೆಂಟ್ ಚಿಹ್ನೆಯ ರೂಪ ಹಾಕಿದರೆ ಹೊಂದುವುದಿಲ್ಲ, ಕನ್ನಡ ಅಕ್ಷರಗಳನ್ನೇ ಯುಟಿಎಫ್-8ನಲ್ಲಿ ಬರೆಯಬೇಕು. ಎಂಜಿನ್‌ಎಕ್ಸ್ ವೆಬ್‌ಸರ್ವರ್‌ನ ಲೊಕೇಶನ್ ನಿಯಮಕ್ಕೂ ಅಷ್ಟೇ.

ಸಾಧ್ಯವಿದ್ದಲ್ಲೆಲ್ಲ ಹಳೆಯ ವಿಳಾಸ ಹಾಗೇ ಉಳಿಸಿ. ಬದಲಾದದ್ದಕ್ಕೆ ಒಂದೊಂದಕ್ಕೂ ಅದರದೇ ಹೊಸ ಪುಟಕ್ಕೆ 301 (ಶಾಶ್ವತ ರೀಡೈರೆಕ್ಟ್) ಕೊಡಿ, ಎಲ್ಲವನ್ನೂ ಮುಖಪುಟಕ್ಕೆ ತಳ್ಳಬೇಡಿ. ಗೂಗಲ್ ಲೆಕ್ಕದಲ್ಲಿ ಕನಿಷ್ಠ ಒಂದು ವರ್ಷ ಇಡಬೇಕು. ಕಾಫಿಪುಡಿ ಪ್ಯಾಕೆಟ್, ರೂಮಿನ ಬೋರ್ಡ್‌ಗಳ ಕ್ಯೂಆರ್ ಕೋಡ್‌ನಲ್ಲಿರುವ ವಿಳಾಸಗಳನ್ನು ಮಾತ್ರ ಯಾವತ್ತೂ ತೆಗೆಯಬೇಡಿ.

ಹೊಸ ಸರ್ವರ್‌ನಲ್ಲಿ ಕನ್ನಡ ಕೆಟ್ಟರೆ ಹೇಗೆ ಕೆಟ್ಟಿದೆ ನೋಡಿ. ತಲೆಯ ಮೇಲೆ ಗೀಟಿರುವ ಇಂಗ್ಲಿಷ್ ‘ಎ’ (à) ಸಾಲುಸಾಲಾಗಿ ಬಂದರೆ, ಲ್ಯಾಟಿನ್1 (ಹಳೆಯ ಅಕ್ಷರ ಸಂಕೇತ) ಟೇಬಲ್‌ನಲ್ಲಿದ್ದ ಯುಟಿಎಫ್-8 ಎರಡು ಸಲ ಪರಿವರ್ತನೆಯಾಗಿದೆ. ಲ್ಯಾಟಿನ್1 ಎಂದೇ ಹೇಳಿ ಮತ್ತೆ ಡಂಪ್ (ಡೇಟಾಬೇಸ್‌ನ ಪೂರ್ತಿ ನಕಲು) ತೆಗೆದು, ಟೇಬಲ್ ವಿವರಣೆಯನ್ನು ಯುಟಿಎಫ್8ಎಂಬಿ4ಗೆ ತಿದ್ದಿ ಇಂಪೋರ್ಟ್ ಮಾಡಿದರೆ ಸರಿಹೋಗುತ್ತದೆ. ಬರೀ ಪ್ರಶ್ನಾರ್ಥಕ ಚಿಹ್ನೆ ಬಂದರೆ ಆ ಕಾಪಿಯಲ್ಲಿ ಅಕ್ಷರ ಕಳೆದುಹೋಯಿತು, ಲೈವ್‌ನಿಂದಲೇ ಮತ್ತೆ ತರಬೇಕು. ತೀರಾ ಹಳೆಯ ಪುಟಗಳು ನುಡಿ ಅಥವಾ ಬರಹ ಫಾಂಟಿನ ಆಸ್ಕಿ ಪಠ್ಯವಾಗಿದ್ದರೆ ಹೊಸ ಥೀಮ್‌ನಲ್ಲಿ ಫಾಂಟ್ ಹೋದ ಕೂಡಲೇ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಆಗುತ್ತವೆ. ಅವನ್ನು ಮೊದಲೇ ಹುಡುಕಿ ಯೂನಿಕೋಡ್‌ಗೆ ತನ್ನಿ.

ಏಲಕ್ಕಿಮಲೆ:
ತುಂಬಾ ಉಪಕಾರ ಆಯಿತು. ಇನ್ನೊಂದು: ರಿಸೆಪ್ಷನ್‌ನ ಇಮೇಲ್ ಕೂಡ ಅದೇ ಶೇರ್ಡ್ ಹೋಸ್ಟಿಂಗ್‌ನಲ್ಲಿದೆ. ಸೈಟ್ ವಿಪಿಎಸ್‌ಗೆ ಹೋದರೆ ಮೇಲ್ ಏನಾಗುತ್ತದೆ?

ತೋಡುನೀರು:
ಡೊಮೈನ್‌ನ ನೇಮ್‌ಸರ್ವರ್ ಮುಟ್ಟಬೇಡಿ, ಎ ರೆಕಾರ್ಡ್ (ಡೊಮೈನ್ ಯಾವ ಸರ್ವರ್ ಐಪಿಗೆ ಎಂದು ಹೇಳುವುದು) ಮಾತ್ರ ಬದಲಿಸಿ. ಆದರೆ ಮೊದಲು ಎಂಎಕ್ಸ್ (ಮೇಲ್ ಯಾವ ಸರ್ವರ್‌ಗೆ ಎಂದು ಹೇಳುವ ರೆಕಾರ್ಡ್) ಎಲ್ಲಿಗೆ ತೋರಿಸುತ್ತಿದೆ ನೋಡಿ. ಶೇರ್ಡ್ ಹೋಸ್ಟಿಂಗ್‌ನಲ್ಲಿ ಅದು ಬಹಳ ಸಲ ಬರೀ ಡೊಮೈನ್ ಹೆಸರಿಗೇ ಇರುತ್ತದೆ. ಹಾಗಿದ್ದರೆ ಎ ರೆಕಾರ್ಡ್ ಬದಲಿಸಿದ ಕೂಡಲೇ ಮೇಲೂ ವಿಪಿಎಸ್ ಬಾಗಿಲು ತಟ್ಟುತ್ತದೆ, ಅಲ್ಲಿ ತೆಗೆದುಕೊಳ್ಳುವವರು ಯಾರೂ ಇಲ್ಲ. ಮೇಲ್‌ಗೆಂದೇ ಒಂದು ಸಬ್‌ಡೊಮೈನ್ ಮಾಡಿ ಹಳೆಯ ಐಪಿಗೆ ತೋರಿಸಿ, ಎಂಎಕ್ಸ್ ಅದಕ್ಕೆ ಕೊಡಿ. ಇದನ್ನು ಒಂದು ವಾರ ಮುಂಚೆಯೇ ಮುಗಿಸಿ. ಬುಕಿಂಗ್ ಖಚಿತವಾದ ಮೇಲ್ ಇನ್ನು ವಿಪಿಎಸ್‌ನಿಂದ ಹೊರಡುವುದಾದರೆ ಎಸ್‌ಪಿಎಫ್‌ನಲ್ಲಿ (ನಿಮ್ಮ ಹೆಸರಲ್ಲಿ ಮೇಲ್ ಕಳಿಸಬಲ್ಲ ಸರ್ವರ್‌ಗಳ ಪಟ್ಟಿ) ಅದರ ಐಪಿಯೂ ಬೇಕು, ಇಲ್ಲದಿದ್ದರೆ ಸ್ಪ್ಯಾಮ್‌ಗೆ ಹೋಗುತ್ತದೆ.

ಟಿಟಿಎಲ್ (ರೆಕಾರ್ಡನ್ನು ಬೇರೆ ಸರ್ವರ್‌ಗಳು ಎಷ್ಟು ಸೆಕೆಂಡ್ ನೆನಪಿಡಬೇಕೆಂಬುದು) ಈಗ 86400 ಇದ್ದರೆ ಎರಡು ದಿನ ಮುಂಚೆ 300ಕ್ಕೆ ಇಳಿಸಿ. ಹಿಂದಿನ ದಿನ ರಾತ್ರಿ ಇಳಿಸಿದರೆ ಪ್ರಯೋಜನ ಕಡಿಮೆ, ಹಳೆಯದನ್ನು ನೆನಪಿಟ್ಟುಕೊಂಡ ಸರ್ವರ್‌ಗಳು 24 ಗಂಟೆ ಅದನ್ನೇ ಹೇಳುತ್ತವೆ. ಎಸ್‌ಎಸ್‌ಎಲ್ ಪ್ರಮಾಣಪತ್ರ ಕೂಡ ಮೊದಲೇ ಆಗಲಿ: ಅದನ್ನು ಉಚಿತವಾಗಿ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನ ಡಿಎನ್‌ಎಸ್ ಚಾಲೆಂಜ್‌ಗೆ ಒಂದು ಟಿಎಕ್ಸ್‌ಟಿ ರೆಕಾರ್ಡ್ ಸಾಕು, ಡೊಮೈನ್ ತಿರುಗಿಸುವವರೆಗೆ ಕಾಯಬೇಕಿಲ್ಲ. ಆಮೇಲೆ ನಿಮ್ಮ ಲ್ಯಾಪ್‌ಟಾಪ್‌ನ ಹೋಸ್ಟ್ಸ್ ಫೈಲ್‌ನಲ್ಲಿ ಹೊಸ ಐಪಿ ಹಾಕಿಕೊಂಡರೆ ಲೋಕಕ್ಕೆಲ್ಲ ಹಳೆಯ ಸೈಟ್, ನಿಮಗೊಬ್ಬರಿಗೆ ನಿಜವಾದ ಹೆಸರಿನಲ್ಲೇ ಹೊಸದು.

ಬದಲಿಸುವುದು ಮಂಗಳವಾರ ಬೆಳಗ್ಗೆ ಇಟ್ಟುಕೊಳ್ಳಿ, ವಾರಾಂತ್ಯದ ಹತ್ತಿರ ಬೇಡ. ಹಳೆಯ ಸೈಟ್ ಮುಚ್ಚಬೇಕಿಲ್ಲ. ಬುಕಿಂಗ್ ಫಾರ್ಮ್ ಮತ್ತು ಕಾರ್ಟ್ ಮಾತ್ರ ತೆಗೆದು ಅಲ್ಲಿ ಫೋನ್ ನಂಬರು ಹಾಕಿ, ಆ ಹೊತ್ತಿನ ಬುಕಿಂಗ್ ರಿಸೆಪ್ಷನ್‌ನವರು ಫೋನಿನಲ್ಲೇ ತೆಗೆದುಕೊಳ್ಳಲಿ. ಅರ್ಧದಲ್ಲಿರುವ ಪೇಮೆಂಟ್‌ಗಳು ಮುಗಿಯಲು 15 ನಿಮಿಷ ಬಿಟ್ಟು ಕೊನೆಯ ಡಂಪ್ ತೆಗೆಯಿರಿ. ಎ ರೆಕಾರ್ಡ್ ಬದಲಾದ ಮೇಲೂ ಹಳೆಯ ಸೈಟ್‌ನಲ್ಲಿ ಫಾರ್ಮ್ ಹಾಕಬೇಡಿ, ತಡವಾಗಿ ಅಲ್ಲಿಗೆ ಬಂದವರ ಆರ್ಡರ್ ಹಳೆಯ ಡೇಟಾಬೇಸ್‌ಗೆ ಬಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಸಂಜೆ ರೇಜರ್‌ಪೇ ಪಟ್ಟಿಯನ್ನೂ ಆರ್ಡರ್ ಪಟ್ಟಿಯನ್ನೂ ತಾಳೆ ನೋಡಿ.

ಮಳೆಗಾಲ ಜನಕ್ಕೆ ಅನುಕೂಲ, ಕರೆಂಟಿಗೆ ಅಲ್ಲ. ಜೂನ್-ಜುಲೈ ಗಾಳಿಮಳೆಗೆ ಲೈನ್ ಯಾವಾಗ ಹೋಗುತ್ತದೋ ಹೇಳಲಾಗದು. ಮನೆಯ ಲ್ಯಾಪ್‌ಟಾಪ್‌ನಿಂದ ಎಫ್‌ಟಿಪಿ ಮಾಡಿದರೆ ಅರ್ಧ ಹೊಸ, ಅರ್ಧ ಹಳೆ ಫೈಲ್‌ಗಳ ಮಧ್ಯೆ ಸಿಕ್ಕಿಬೀಳುತ್ತೀರಿ. ಹಳೆಯ ಸರ್ವರ್‌ನಿಂದ ಹೊಸದಕ್ಕೆ ನೇರ ಆರ್‌ಸಿಂಕ್ (ಫೈಲ್ ನಕಲಿಸುವ ಸಾಧನ) ಮಾಡಿ, ಕೆಲಸವೆಲ್ಲ ವಿಪಿಎಸ್‌ನೊಳಗೆ ಟಿಮಕ್ಸ್ ಎಂಬ ಸಾಧನದಲ್ಲಿ ಓಡಲಿ, ನಿಮ್ಮ ನೆಟ್ ಹೋದರೂ ಅದು ನಿಲ್ಲುವುದಿಲ್ಲ. ಇಡೀ ವಿಧಾನ ಗೊತ್ತಿರುವ ಇನ್ನೊಬ್ಬರು ಮೈಸೂರಲ್ಲೋ ಬೆಂಗಳೂರಲ್ಲೋ ಲಾಗಿನ್ ಇಟ್ಟುಕೊಂಡು ಕೂತಿರಲಿ.

ಹಿಂದೆ ಸರಿಯುವುದು ಯಾವಾಗ ಅಂತ ಮುಂಚೆಯೇ ಬರೆದಿಡಿ: ಉದಾಹರಣೆಗೆ, 30 ನಿಮಿಷದೊಳಗೆ ಒಂದು ನಿಜವಾದ ಪೇಮೆಂಟ್ ಪೂರ್ತಿಯಾಗದಿದ್ದರೆ ಹಳೆಯ ಐಪಿಗೆ ವಾಪಸ್. ಅಷ್ಟರಲ್ಲಿ ಹೊಸದಕ್ಕೆ ಬಂದ ಆರ್ಡರ್‌ಗಳನ್ನು ಸಿಎಸ್‌ವಿ ತೆಗೆದು ಕೈಯಲ್ಲೇ ಹಳೆಯದಕ್ಕೆ ಹಾಕಬೇಕಾಗುತ್ತದೆ. ಎಲ್ಲ ಸರಿಯಾದರೆ ಒಂದು ವಾರದ ನಂತರ ಟಿಟಿಎಲ್ ಮತ್ತೆ 3600ಕ್ಕೆ ಏರಿಸಿ. ಮೇಲ್ ಅಲ್ಲೇ ಇರುವುದರಿಂದ ಹಳೆಯ ಹೋಸ್ಟಿಂಗ್ ಪ್ಲಾನನ್ನು ರದ್ದು ಮಾಡಬೇಡಿ.