ಸಹನಾ, ನೀಲಿ ಮೀನು ಬೇಡ, ಗೋಬಿ ಮೀನು ತಾ

ಸಹನಾ, ಮನೆಯವರ ಗ್ರೂಪಿನಲ್ಲಿ ನಿನ್ನ ಮೆಸೇಜು ಬೆಳಿಗ್ಗೆಯೇ ನೋಡಿದೆ. ಈಗ ಊಟ ಮುಗಿಸಿ ಕೂತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಕೇಳು. ಸಪ್ತಾಪುರದ ಮನೆಯ ಉಪ್ಪುನೀರಿನ ಟ್ಯಾಂಕಿಗೆ ಎಂಟು ತಿಂಗಳಾಯಿತು, ಎರಡು ಕ್ಲೌನ್ ಮೀನು ಆರಾಮಾಗಿವೆ, ಮಗನ ಹುಟ್ಟುಹಬ್ಬಕ್ಕೆ ಬ್ಲೂ ಟ್ಯಾಂಗ್ ಮತ್ತು ಮ್ಯಾಂಡರಿನ್ ಎಂಬ ಎರಡು ಮೀನನ್ನೂ ಈ ಭಾನುವಾರ ತರಲಾ ಕಾಕಾ ಎಂದು ಕೇಳಿದ್ದೀಯ.

ಎರಡೂ ಬೇಡ.

ಬ್ಲೂ ಟ್ಯಾಂಗ್ ಅಂಗಡಿಯಲ್ಲಿ ಎರಡು ಇಂಚಿನ ಮರಿ, ಮುದ್ದಾಗಿ ಕಾಣುತ್ತದೆ. ಬೆಳೆದರೆ 30 ಸೆಂಟಿಮೀಟರ್ ತನಕ ಹೋಗುತ್ತದೆ. ನಿನ್ನದು ಮೂರಡಿ ಟ್ಯಾಂಕ್. ಕಲ್ಲು, ಮರಳು ಬಿಟ್ಟರೆ ನೀರು 150 ಲೀಟರ್ ಇದ್ದೀತು. ದಿನವಿಡೀ ಈಜುವ ಮೀನು ಅದು, ಕಡಿಮೆ ಅಂದರೂ ಆರಡಿ ಉದ್ದ, 700 ಲೀಟರ್ ಬೇಕು. ಇಕ್ಕಟ್ಟಿನಲ್ಲಿಟ್ಟರೆ ಬೆದರುತ್ತದೆ, ಬೆದರಿದರೆ ಮೈಮೇಲೆ ಬಿಳಿ ಚುಕ್ಕೆ ರೋಗ ಬೇಗ ಏಳುತ್ತದೆ. ಆಮೇಲೆ ಕ್ಲೌನ್‌ಗಳಿಗೂ ಅಂಟುತ್ತದೆ.

ಮ್ಯಾಂಡರಿನ್ ವಿಷಯ ಹೇಳುವಾಗ ನನಗೆ ಈಗಲೂ ಸಂಕಟ ಆಗುತ್ತದೆ. ಆರು ವರ್ಷದ ಹಿಂದೆ ಒಂದು ತಂದಿದ್ದೆ. ಮಾರಿದವರು ಎಲ್ಲ ತಿನ್ನುತ್ತದೆ ಎಂದಿದ್ದರು. ನಾನು ಹಾಕಿದ್ದನ್ನು ಅದು ಮೂಸಿಯೂ ನೋಡಲಿಲ್ಲ. ಅದಕ್ಕೆ ಕಲ್ಲಿನ ಸಂದಿಯಲ್ಲಿ ಓಡಾಡುವ ಕೋಪೆಪಾಡ್ ಎಂಬ ಸಣ್ಣ ಸಣ್ಣ ಜೀವಿಗಳು ಬೇಕು. ಬೆಳಗಿನಿಂದ ಸಂಜೆ ತನಕ ಅವನ್ನೇ ಹೆಕ್ಕಿ ಹೆಕ್ಕಿ ತಿನ್ನುತ್ತದೆ. ಹೊಸ ಟ್ಯಾಂಕಿನಲ್ಲಿ ಅವು ನಾಲ್ಕೇ ದಿನಕ್ಕೆ ಖಾಲಿ. ನನ್ನ ಕಣ್ಣೆದುರಿಗೇ ಅದರ ಹೊಟ್ಟೆ ಒಳಗೆ ಹೋಯಿತು, ಎರಡು ತಿಂಗಳಿಗೆ ಸತ್ತಿತು. ಅಷ್ಟು ಚೆಂದದ ಜೀವ ಹಸಿದು ಸತ್ತಿತಲ್ಲ ಎಂದು ನಿಮ್ಮ ಕಾಕೂ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅವತ್ತಿನಿಂದ ನಾನು ಮೀನಿನ ಬಣ್ಣ ಆಮೇಲೆ ನೋಡುತ್ತೇನೆ. ಏನು ತಿನ್ನುತ್ತದೆ, ಟ್ಯಾಂಕಿನಲ್ಲಿ ಎಲ್ಲಿ ಇರುತ್ತದೆ, ಅದನ್ನು ಮೊದಲು ಕೇಳುತ್ತೇನೆ.

ನಿನ್ನ ಕ್ಲೌನ್‌ಗಳು ನಡುವಿನ ನೀರನ್ನು ಹಿಡಿದಿವೆ, ಅಲ್ವಾ? ತಳ ಖಾಲಿ ಇದೆ. ಅಲ್ಲಿಗೆ ಹಳದಿ ವಾಚ್‌ಮನ್ ಗೋಬಿ ತಾ. ಜೊತೆಗೆ ಒಂದು ಪಿಸ್ತೂಲ್ ಸಿಗಡಿ. ಸಿಗಡಿಗೆ ಕಣ್ಣು ಮಂದ, ಆದರೆ ಬಿಲ ತೋಡುವುದರಲ್ಲಿ ಗಟ್ಟಿ. ಗೋಬಿ ಬಾಗಿಲಲ್ಲಿ ಕಾವಲು ಕೂರುತ್ತದೆ. ಸಿಗಡಿ ಮರಳು ಹೊರಗೆ ಹಾಕುವಾಗ ಒಂದು ಮೀಸೆಯನ್ನು ಗೋಬಿಯ ಮೈಮೇಲೆ ಇಟ್ಟೇ ಇರುತ್ತದೆ. ಅಪಾಯ ಕಂಡರೆ ಗೋಬಿ ಬಾಲ ಅಲುಗಿಸುತ್ತದೆ, ಇಬ್ಬರೂ ಸರ್ರನೆ ಒಳಗೆ. ನಿನ್ನ ಮಗ ಇದನ್ನು ನೋಡುತ್ತಾ ಕೂತರೆ ಊಟಕ್ಕೆ ಕರೆದರೂ ಏಳುವುದಿಲ್ಲ. ಸಿಗಡಿ ಬುಡ ತೋಡಿದರೆ ಕಲ್ಲು ಜರುಗುತ್ತದೆ. ಅದಕ್ಕೇ ಕಲ್ಲು ಮರಳಿನ ಮೇಲಲ್ಲ, ಟ್ಯಾಂಕಿನ ತಳಕ್ಕೇ ಕೂತಿರಬೇಕು.

ಅದಾದ ಮೇಲೆ ಫೈರ್‌ಫಿಶ್ ಒಂದು. ಅಂಜುಬುರುಕ ಮೀನು, ಹಾರಿಬಿಡುತ್ತದೆ, ಮೇಲೆ ಜಾಳಿಗೆ ಹಾಕಲೇಬೇಕು. ಕೊನೆಗೆ ರಾಯಲ್ ಗ್ರಾಮಾ. ಮುಂದೆ ನೇರಳೆ, ಹಿಂದೆ ಹಳದಿ, ನೀನು ಹುಡುಕುವ ಬಣ್ಣ ಅದರಲ್ಲೇ ಇದೆ. ತನ್ನ ಗುಹೆಯ ಹತ್ತಿರ ಬಂದವರನ್ನು ಗದರಿಸುತ್ತದೆ, ಅದಕ್ಕೇ ಕೊನೆಗೆ ಬಿಡುವುದು. ಮೊದಲೇ ಬಿಟ್ಟರೆ ಇಡೀ ಟ್ಯಾಂಕ್ ತನ್ನದು ಅಂದುಕೊಳ್ಳುತ್ತದೆ. ಒಟ್ಟು ಐದು ಮೀನು. ಸಾಕು, ಜಾಸ್ತಿ ಬೇಡ. ಗಟ್ಟಿ ಮೀನು, ಅಗ್ಗ ಎಂದು ಯಾರಾದರೂ ಡ್ಯಾಮ್ಸೆಲ್ ತೋರಿಸಿದರೆ ತರಬೇಡ, ಉಳಿದವನ್ನು ಕಚ್ಚಿ ಕಚ್ಚಿ ಮೂಲೆಗೆ ಹಾಕುತ್ತದೆ.

ಅಣ್ಣ ಕೇಳಿದ್ದು, ಕಾರವಾರದಿಂದಲೇ ನೀರು, ಮೀನು ತರಬಾರದೇ ಎಂದು. ಬೇಡ ಅಣ್ಣ. ಅಲ್ಲಿ ಕಾಳಿ ನದಿ ಸಮುದ್ರ ಸೇರುತ್ತದೆ, ಮಳೆಗಾಲದಲ್ಲಿ ದಡದ ನೀರಿನ ಉಪ್ಪು ಇಳಿದುಬಿಡುತ್ತದೆ. ಬಂದರಿನ ಕೊಳಕೂ ಸೇರಿರುತ್ತದೆ. ವೈನಿ, ಕಡಲ ಕುದುರೆ ಸಾಕುವ ಆಸೆಯನ್ನೂ ಬಿಡಿ. ವನ್ಯಜೀವಿ ಕಾಯ್ದೆಯಲ್ಲಿ ಅದಕ್ಕೆ ರಕ್ಷಣೆ ಇದೆ.

ಸಹನಾ, ಇನ್ನೊಂದು ಮುಖ್ಯ ಮಾತು. ಹೊಸ ಮೀನನ್ನು ನೇರ ಟ್ಯಾಂಕಿಗೆ ಬಿಡಬೇಡ. ಬೇರೆ ಸಣ್ಣ ಟ್ಯಾಂಕಿನಲ್ಲಿ ಕಡಿಮೆ ಅಂದರೂ ನಾಲ್ಕು ವಾರ ಇಡು, ಅಡಗಲು ಒಂದು ತುಂಡು ಪಿವಿಸಿ ಪೈಪ್ ಹಾಕು. ಚುಕ್ಕೆ ಕಂಡರೆ ತಾಮ್ರದ ಔಷಧಿ ಅಲ್ಲೇ ಕೊಡಬಹುದು. ದೊಡ್ಡ ಟ್ಯಾಂಕಿಗೆ ತಾಮ್ರ ಬಿತ್ತೋ, ಸಿಗಡಿಯೂ ಹವಳವೂ ಹೋದವು. ಅದಕ್ಕೇ ಈ ನಾಲ್ಕು ವಾರ ಸಿಗಡಿಯನ್ನು ಮೀನಿನ ಜೊತೆ ಇಡದೆ ಬೇರೆ ಇಡಬೇಕು. ಮೀನು ಒಂದೊಂದೇ ಬರಲಿ, ಹೊಲಸು ಅರಗಿಸುವ ಬ್ಯಾಕ್ಟೀರಿಯಾ ಅಷ್ಟರಲ್ಲಿ ಬೆಳೆಯುತ್ತವೆ.

ಐದೇ ಸಾಕು ಅಂದಿದ್ದು ನಮ್ಮ ಬೇಸಿಗೆಗೂ ಸೇರಿ. ಏಪ್ರಿಲ್‌ನಲ್ಲಿ ನೀರು 29 ಡಿಗ್ರಿ ದಾಟಿ, ಕರೆಂಟೂ ಹೋದರೆ ಮೀನಿಗೆ ಉಸಿರು ಸಾಲುವುದಿಲ್ಲ. ಬ್ಯಾಟರಿಯ ಏರ್ ಪಂಪ್ ಮನೆಯಲ್ಲಿರಲಿ. ಫ್ಯಾನ್ ಇಟ್ಟರೆ ನೀರು ಇಂಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಇಂಗಿದ್ದಕ್ಕೆ ಬರೀ ಆರ್‌ಓ ನೀರು ತುಂಬು, ನಳದ ನೀರಲ್ಲ, ಉಪ್ಪು ಕಲಸಿದ್ದೂ ಅಲ್ಲ. ಉಪ್ಪು ಅಳೆಯುವ ಮೀಟರ್ 1.025 ತೋರಿಸುತ್ತಿರಬೇಕು.

ನಮ್ಮ ಮನೆಯ ಅಟ್ಟದ ಮೇಲೆ 40 ಲೀಟರಿನ ಹಳೆಯ ಟ್ಯಾಂಕ್ ಇದೆ. ತೊಳೆದು ಭಾನುವಾರ ನಾನೇ ಹುಬ್ಬಳ್ಳಿಯಿಂದ ತರುತ್ತೇನೆ. ಗೋಬಿಯನ್ನು ಹುಟ್ಟುಹಬ್ಬದ ದಿನ ಅದರಲ್ಲೇ ಬಿಡೋಣ, ಮಗ ಅಲ್ಲೇ ನೋಡಲಿ, ಹೆಸರೂ ಅವನೇ ಇಡಲಿ. ಅಷ್ಟರಲ್ಲಿ ನಿನ್ನ ಟ್ಯಾಂಕಿನ ಮರಳು ಎಷ್ಟು ಇಂಚು ಇದೆ ಅಳತೆ ಮಾಡಿ ಇಲ್ಲೇ ಹಾಕು. ಎರಡಕ್ಕಿಂತ ಕಡಿಮೆ ಇದ್ದರೆ ಬರುವಾಗ ಒಂದು ಚೀಲ ಮರಳೂ ತರುತ್ತೇನೆ.