ಅಪ್‌ಡೇಟ್: ಕೆಸುವಿನ ಎಲೆ ಈಗ ಮೊರದಗಲ ಆಗಿದೆ

ಬೇಸಿಗೆಯಲ್ಲಿ ನಮ್ಮ ಕೆಸುವಿನ ಎಲೆಯಂಚು ಸುಟ್ಟಂತೆ ಒಣಗುತ್ತಿದೆ, ಎಲೆ ಅಂಗೈಗಿಂತ ದೊಡ್ಡದಾಗುತ್ತಿಲ್ಲ, ಏನು ಮಾಡಲಿ ಅಂತ ಕೇಳಿದ್ದೆ. ಕುಂಡ ಬಿಡಿಸಿ ನೆಲಕ್ಕೆ ಹಾಕಿ, ಬುಡ ಒಣಗದಂತೆ ನೋಡಿಕೊಳ್ಳಿ ಅಂದವರಿಗೆಲ್ಲ ತುಂಬಾ ಥ್ಯಾಂಕ್ಸ್.

ಗಡ್ಡೆಗಳನ್ನು ಬಾವಿಕಟ್ಟೆಯ ಪಕ್ಕಕ್ಕೆ ಸಾಗಿಸಿದೆ. ಅಲ್ಲಿ ಬೆಳಗಿನ ಬಿಸಿಲು ಬೀಳುತ್ತೆ, ಮಧ್ಯಾಹ್ನ ಹಲಸಿನ ಮರದ ನೆರಳು. ಬುಡಕ್ಕೆ ಹಳೇ ಸಗಣಿ ಗೊಬ್ಬರ ಹಾಕಿ, ಮೇಲೆ ತರಗೆಲೆ ದಪ್ಪಗೆ ಮುಚ್ಚಿದೆ. ಅಕ್ಕಿ, ತರಕಾರಿ ತೊಳೆದ ನೀರೆಲ್ಲ ಅಲ್ಲಿಗೇ. ಹೊಸ ಎಲೆಗಳ ಅಂಚು ಈಗ ಪೂರ್ತಿ ಹಸಿರು. ಬೆಳಿಗ್ಗೆ ಹೋಗಿ ನೋಡಿದರೆ ಎಲೆಯ ತುದಿಯಿಂದ ಹನಿಹನಿಯಾಗಿ ನೀರು ತೊಟ್ಟಿಕ್ಕುತ್ತಿರುತ್ತೆ. ಅದು ಇಬ್ಬನಿಯಲ್ಲ. ರಾತ್ರಿ ಬೇರು ಎಳೆದುಕೊಂಡ ನೀರು ಜಾಸ್ತಿಯಾಗಿ ಎಲೆಯೇ ಹೊರಹಾಕುವುದು. ಅದನ್ನು ನೋಡುವುದೇ ಒಂದು ಖುಷಿ! ಪಕ್ಕದಲ್ಲಿ ನೆಟ್ಟ ಕಾಬಾಳೆ ಹೂವಿನ ಗಿಡವೂ ಚೆನ್ನಾಗಿ ಬಂದಿದೆ.

ಮಳೆ ಜೋರಾದಾಗ ಕೆಲವು ಎಲೆಗಳಲ್ಲಿ ನೀರು ಕುಡಿದಂಥ ದುಂಡು ಕಲೆ ಕಾಣಿಸಿತು. ಅದು ಅಂಗಮಾರಿ ರೋಗ. ಅಡಿಕೆಗೆ ಕೊಳೆರೋಗ ತರುವ ಫೈಟಾಫ್ತೊರಾ ಅನ್ನುವ ಶಿಲೀಂಧ್ರದಂಥ ಸೂಕ್ಷ್ಮಜೀವಿಯ ಕುಲದ್ದೇ ಇದಕ್ಕೂ ಕಾರಣ. ಆ ಎಲೆಗಳನ್ನು ಅಂದೇ ಕಿತ್ತು ದೂರ ಹಾಕಿದೆ, ಗಾಳಿ ಆಡಲೆಂದು ಒತ್ತಾದ ಗಿಡಗಳನ್ನೂ ತೆಗೆದೆ. ಮತ್ತೆ ಹರಡಲಿಲ್ಲ.

ಎಳೆ ಎಲೆಯಲ್ಲಿ ಪತ್ರೊಡೆ ಮಾಡಿದೆವು. ಹುಣಸೆಹುಳಿ ಧಾರಾಳವಾಗಿ ಹಾಕಿ ಚೆನ್ನಾಗಿ ಬೇಯಿಸಿದ್ದಕ್ಕೆ ಗಂಟಲು ತುರಿಸಲೇ ಇಲ್ಲ. ಗಡ್ಡೆಯ ಸುತ್ತ ಮರಿಗಳು ಬೇಕಾದಷ್ಟು ಬಂದಿವೆ. ನೆಡುವ ಆಸೆ ಇದ್ದವರು ಹೇಳಿ, ಕೊಡುತ್ತೇನೆ.