ಪದಚರ್ಚೆ: ‘ಸಂಪರ್ಕ ಇಲ್ಲ’ ಅಂದರೆ ಏನಿಲ್ಲ?

ಎಲ್ಲರಿಗೂ ನಮಸ್ಕಾರ.

ನಾನು ಬೆಂಗಳೂರಿನ ಒಂದು ಡೇಟಾ ಸೆಂಟರ್‌ನಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ರಾತ್ರಿ ಪಾಳಿಯ ಹುಡುಗರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಅದರಲ್ಲಿ ಒಂದು ಮಾತಿನ ಹತ್ತಿರ ನಿಂತುಬಿಟ್ಟಿದ್ದೇನೆ.

ಮೊದಲು ವಿಷಯ ಹೇಳುತ್ತೇನೆ. ಸರ್ವರ್‌ನ ಮದರ್‌ಬೋರ್ಡ್ ಮೇಲೆ ಬಿಎಂಸಿ ಅಂತ ಒಂದು ಪುಟ್ಟ ಕಂಪ್ಯೂಟರ್ ಇರುತ್ತದೆ. ಡೆಲ್‌ನವರು ಐಡ್ರ್ಯಾಕ್ ಅನ್ನುವುದು, ಎಚ್‌ಪಿಇಯವರು ಐಎಲ್‌ಒ ಅನ್ನುವುದು ಇದನ್ನೇ. ಸರ್ವರ್ ಆಫ್ ಆಗಿದ್ದರೂ ಇದು ಎಚ್ಚರವಾಗಿರುತ್ತದೆ, ಕರೆಂಟ್ ಬರುತ್ತಿದ್ದರೆ ಸಾಕು. ಇದಕ್ಕೆ ತನ್ನದೇ ಐಪಿ ವಿಳಾಸ ಉಂಟು. ಎಲ್ಲೋ ಕೂತು ಸರ್ವರ್ ಆನ್ ಮಾಡುವುದು, ಬಿಸಿ ಎಷ್ಟಿದೆ ನೋಡುವುದು ಎಲ್ಲ ಇದರ ಮೂಲಕವೇ. ಬಿಎಂಸಿ ಅನ್ನುವುದಕ್ಕೆ ನಾನು ಬೇರೆ ಪದ ಕೇಳುತ್ತಿಲ್ಲ. ಎಲ್ಲರೂ ಹಾಗೇ ಕರೆಯುತ್ತಾರೆ, ಹಾಗೇ ಇರಲಿ.

ಎಲ್ಲ ಬಿಎಂಸಿಗಳೂ ಸರಿ ಇವೆಯಾ ಅಂತ ದಿನಾ ರಾತ್ರಿ ಆನ್ಸಿಬಲ್‌ನಲ್ಲಿ (ಹಲವು ಮಷಿನ್‌ಗಳ ಕೆಲಸವನ್ನು ಒಂದೇ ಕಡೆಯಿಂದ ತಾನಾಗಿ ಮಾಡಿಸುವ ಟೂಲ್) ಒಂದು ಪರೀಕ್ಷೆ ರನ್ ಆಗುತ್ತದೆ. ಅದರ ವರದಿಯನ್ನು ಕನ್ನಡಕ್ಕೆ ತಂದವನು ನಾನೇ. ಫೇಲ್ ಆದದ್ದಕ್ಕೆಲ್ಲ ‘ಸಂಪರ್ಕ ಇಲ್ಲ’ ಅಂತ ಬರುವ ಹಾಗೆ ಮಾಡಿದ್ದೆ.

ಒಂದು ರಾತ್ರಿ ಏಳು ಮಷಿನ್‌ಗಳ ಮುಂದೆ ‘ಸಂಪರ್ಕ ಇಲ್ಲ’ ಅಂತ ಬಂತು. ಪಾಳಿಯಲ್ಲಿದ್ದ ಹುಡುಗ ರ‍್ಯಾಕ್ ಹಿಂದೆ ಹೋಗಿ, ಮೊಬೈಲ್ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು, ಏಳೂ ಕೇಬಲ್ ಕಿತ್ತು ಮತ್ತೆ ಚುಚ್ಚಿದ. ಎರಡನ್ನು ಬದಲಾಯಿಸಿಯೂ ನೋಡಿದ. ಎರಡು ಗಂಟೆ ಹೋಯಿತು. ಕೇಬಲ್‌ಗೆ ಏನೂ ಆಗಿರಲಿಲ್ಲ. ಆ ಸಂಜೆ ಆ ಏಳರ ಪಾಸ್‌ವರ್ಡ್ ಬದಲಾಗಿತ್ತು, ನಮ್ಮ ಟೂಲ್‌ನಲ್ಲಿ ಹಳೆಯದೇ ಇತ್ತು. ಬಿಎಂಸಿಗಳು ಮಾತು ಕೇಳಿಸಿಕೊಂಡಿದ್ದವು, ಒಳಗೆ ಬಿಟ್ಟಿರಲಿಲ್ಲ, ಅಷ್ಟೇ. ‘ಸಂಪರ್ಕ ಇಲ್ಲ ಅಂತ ಬಂದಿತ್ತಲ್ವಾ ಸಾರ್, ಅದಕ್ಕೇ ಕೇಬಲ್ ನೋಡಿದೆ’ ಅಂದ. ಅವನು ಓದಿದ್ದು ಸರಿಯಾಗಿಯೇ ಇತ್ತು. ತಪ್ಪು ನನ್ನ ಬರಹದ್ದು.

ಇಂಗ್ಲಿಷ್ ಸಂದೇಶಗಳೂ ಇಲ್ಲಿ ಜಾಸ್ತಿ ನೆರವಾಗುವುದಿಲ್ಲ. ಬಿಎಂಸಿ ಜೊತೆ ಮಾತಾಡುವ ಹಳೆಯ ಪದ್ಧತಿ ಐಪಿಎಂಐ, 1998ರಲ್ಲಿ ಬಂದದ್ದು. ಅದಕ್ಕೆ ಬಳಸುವ ಐಪಿಎಂಐಟೂಲ್ ಅನ್ನುವ ಟೂಲ್‌ನಲ್ಲಿ ಕೇಬಲ್ ಕಿತ್ತಿದ್ದರೂ, ಪಾಸ್‌ವರ್ಡ್ ತಪ್ಪಿದ್ದರೂ ಎಷ್ಟೋ ಸಲ ಒಂದೇ ಉತ್ತರ: ‘ಅನ್‌ಏಬಲ್ ಟು ಎಸ್ಟಾಬ್ಲಿಶ್ ಸೆಷನ್’, ಅಂದರೆ ಮಾತುಕತೆ ಶುರು ಮಾಡಲು ಆಗಲಿಲ್ಲ ಅಂತ. ಆನ್ಸಿಬಲ್ ‘ಅನ್‌ರೀಚಬಲ್’ (ಕೆಲಸ ನಡೆಯಬೇಕಾದ ಮಷಿನ್ನೇ ಸಿಗಲಿಲ್ಲ) ಮತ್ತು ‘ಫೇಲ್ಡ್’ (ಮಷಿನ್ ಸಿಕ್ಕಿತು, ಕೆಲಸ ಆಗಲಿಲ್ಲ) ಅಂತ ಎರಡು ಲೆಕ್ಕ ಇಡುತ್ತದೆ, ನಿಜ. ಆದರೆ ಬಿಎಂಸಿಯನ್ನು ವಿಚಾರಿಸುವ ಕೆಲಸ ನಮ್ಮ ಕಡೆಯ ಮಷಿನ್‌ನಲ್ಲೇ ನಡೆಯುತ್ತದೆ ಅಲ್ವಾ? ಅದಕ್ಕೇ ಬಿಎಂಸಿ ಸತ್ತೇ ಹೋಗಿದ್ದರೂ ಅದು ‘ಫೇಲ್ಡ್’ ಲೆಕ್ಕಕ್ಕೇ ಬೀಳುತ್ತದೆ.

2015ರಲ್ಲಿ ಬಂದ ರೆಡ್‌ಫಿಶ್‌ನಲ್ಲಿ, ಅಂದರೆ ವೆಬ್ ಪುಟ ಕೇಳಿದ ಹಾಗೆ ಬಿಎಂಸಿಯನ್ನು ವಿಚಾರಿಸುವ ಹೊಸ ಪದ್ಧತಿಯಲ್ಲಿ, ಇದನ್ನು ಬಿಡಿಸಿ ನೋಡಬಹುದು. ಅದರ ಮೊದಲ ಪುಟಕ್ಕೆ ಪಾಸ್‌ವರ್ಡ್ ಬೇಕಿಲ್ಲ. ಆ ಪುಟ ಬಂದರೆ ಬಿಎಂಸಿ ಜೀವಂತ ಇದೆ ಅಂತ ಅರ್ಥ. ಒಳಗಿನ ಪುಟ ಕೇಳಿದಾಗ 401 (‘ಗುರುತು ಒಪ್ಪಲಿಲ್ಲ’ ಅನ್ನುವ ಸಂಕೇತ) ಬಂದರೆ ತಕರಾರು ಪಾಸ್‌ವರ್ಡ್‌ದು. ಈಗ ಪರೀಕ್ಷೆಯನ್ನು ಹೀಗೇ ಮೆಟ್ಟಿಲು ಮೆಟ್ಟಿಲಾಗಿ ಬರೆದಿದ್ದೇನೆ. ಪ್ರತಿ ಮೆಟ್ಟಿಲಿಗೂ ಬೇರೆ ಮಾತು ಬೇಕು. ಪ್ರಶ್ನೆ ಹುಟ್ಟಿದ್ದು ಇಲ್ಲೇ.

ಫೋನಿನ ವಿಷಯದಲ್ಲಿ ನಮ್ಮ ಜನಕ್ಕೆ ಈ ಗೊಂದಲ ಇಲ್ಲ. ‘ಲೈನ್ ಸಿಗ್ತಿಲ್ಲ’ ಬೇರೆ, ‘ರಿಂಗ್ ಆಗ್ತಿದೆ, ಎತ್ತುತ್ತಿಲ್ಲ’ ಬೇರೆ, ‘ಎತ್ತಿ ಕಟ್ ಮಾಡಿದ್ರು’ ಬೇರೆ. ಯಾರೂ ಮೂರಕ್ಕೂ ‘ಸಂಪರ್ಕ ಇಲ್ಲ’ ಅನ್ನುವುದಿಲ್ಲ. ಅದೇ ದಾರಿಯಲ್ಲಿ ನಾನು ಇಟ್ಟುಕೊಂಡಿರುವುದು ಇಷ್ಟು. ಬಿಎಂಸಿ ತನಕ ನೆಟ್‌ವರ್ಕ್ ದಾರಿಯೇ ಇಲ್ಲದಿದ್ದರೆ ‘ಸಿಗುತ್ತಿಲ್ಲ’. ದಾರಿ ಇದ್ದೂ ಉತ್ತರ ಬಾರದಿದ್ದರೆ ‘ಓಗೊಡುತ್ತಿಲ್ಲ’. ಪಾಸ್‌ವರ್ಡ್ ಒಪ್ಪದಿದ್ದರೆ ‘ಒಳಗೆ ಬಿಡುತ್ತಿಲ್ಲ’. ಒಳಗೆ ಹೋದ ಮೇಲೂ ಆನ್, ಆಫ್ ಆಗದಿದ್ದರೆ ‘ಹೇಳಿದ್ದು ಕೇಳುತ್ತಿಲ್ಲ’.

ಮೊದಲನೆಯದು, ಕೊನೆಯ ಎರಡು ಹುಡುಗರಿಗೆ ತಕ್ಷಣ ಹಿಡಿಸಿದವು. ಅನುಮಾನ ಇರುವುದು ‘ಓಗೊಡು’ ಬಗ್ಗೆ.

ಪದದೊಳಗೆ ಇರುವುದು ‘ಓ’ ಮತ್ತು ‘ಕೊಡು’. ಕರೆದಾಗ ಓ ಅನ್ನುವುದು. ಹಿತ್ತಲಿನಿಂದ ಅಜ್ಜಿ ಕೂಗಿದಾಗ ನಾನು ಸುಮ್ನೆ ಇದ್ದರೆ ‘ಕರೆದ್ರೆ ಓ ಅನ್ನೋಕೆ ಆಗಲ್ವಾ?’ ಅಂತ ಬೈಗುಳ ಬೀಳುತ್ತಿತ್ತು. ಓ ಅಂದರೆ ಇದ್ದೀನಿ ಅಂತ ಗೊತ್ತಾದರೆ ಸಾಕು, ಎದ್ದು ಹೋಗುವುದು ಆಮೇಲಿನ ಮಾತು. ನನಗೆ ಬೇಕಾದ ಅರ್ಥ ಸರಿಯಾಗಿ ಅದೇ. ಆದರೆ ಬರಹದಲ್ಲಿ ಇದು ಬೇರೆ ಕಡೆ ವಾಲಿದೆ. ‘ಗಾಂಧೀಜಿಯವರ ಕರೆಗೆ ಓಗೊಟ್ಟು ಚಳವಳಿಗೆ ಧುಮುಕಿದರು’ ಅನ್ನುತ್ತೇವೆ. ಅಲ್ಲಿ ಓಗೊಡುವುದೆಂದರೆ ಬರೀ ಓ ಅನ್ನುವುದಲ್ಲ, ಕರೆಯನ್ನು ಒಪ್ಪಿ ನಡೆಯುವುದು. ಹಾಗಾದರೆ 401 ಹೇಳಿ ಬಾಗಿಲು ಹಾಕಿಕೊಂಡ ಬಿಎಂಸಿ ಓಗೊಟ್ಟಿತಾ, ಇಲ್ಲವಾ? ‘ಸ್ಪಂದಿಸು’ ಕೂಡ ಹಾಗೇ. ‘ಅಧಿಕಾರಿಗಳು ಸ್ಪಂದಿಸುತ್ತಿಲ್ಲ’ ಅಂದರೆ ಕೆಲಸ ಮಾಡಿಕೊಡುತ್ತಿಲ್ಲ ಅಂತಲೇ ಅರ್ಥ. ‘ಉತ್ತರಿಸು’ ಅಂದರೆ ಪ್ರಶ್ನೆಯೊಂದು ಇರಬೇಕು. ಇಲ್ಲಿರುವುದು ಬರೀ ಕೂಗು.

ಓಗೊಡು ಪದವನ್ನು ಹಳೆಯ ಅರ್ಥಕ್ಕೇ ಹಿಡಿದು ಬಳಸಬಹುದಾ? ಅಥವಾ ‘ಓ ಅನ್ನುತ್ತಿಲ್ಲ’ ಅಂತ ಬಿಡಿಸಿಯೇ ಬರೆಯಲಾ? ವರದಿಯಲ್ಲಿ ಅದು ಮಕ್ಕಳ ಮಾತಿನಂತೆ ಕಂಡೀತಾ ಅಂತ ಒಂದು ಅಳುಕು. ಧಾರವಾಡ, ಕಲಬುರಗಿ, ಕುಂದಾಪುರದ ಕಡೆಯವರು ದಯವಿಟ್ಟು ಹೇಳಿ. ನಿಮ್ಮ ಮನೆಯಲ್ಲಿ ಕರೆದಾಗ ಉತ್ತರ ಕೊಡದವರಿಗೆ ಏನು ಹೇಳಿ ಬೈಯುತ್ತಾರೆ? ನನಗೆ ಬೇಕಾದ ಕ್ರಿಯಾಪದ ಅಲ್ಲೇ ಇರಬಹುದು.